ಬಯಲು ಗಾಳಿಗೆ ನಿಲ್ಲೋ ಬೇಲಿ ಯಾವುದು? ಸಹಾಯ ಬೇಕು

ಕಲಬುರಗಿ ಊರ ಹೊರಗ ನಮ್ಮ ಮನಿ. ಪಶ್ಚಿಮಕ್ಕ ಬರೀ ತೊಗರಿ ಹೊಲ, ಅಡ್ಡ ಒಂದು ಗಿಡ ಇಲ್ಲ. ಆಷಾಢದ ಗಾಳಿ ಸೀದಾ ಹಿತ್ತಲಕ್ಕ ಬಡೀತದ. ಮೊದಲು ತಗಡು ಹೊಡಸಿದ್ವಿ, ಕಂಬ ಸಮೇತ ಬದನಿ ಗಿಡದ ಮ್ಯಾಲೆ ಬಿತ್ತು. ಪಾಪ, ಆಗಷ್ಟೇ ಹೂ ಬಿಟ್ಟಿದ್ವು. ಆಮೇಲೆ ಕಟ್ಟಿದ ಹಸಿರು ನೆಟ್ ಕಟ್ಟಿದಲ್ಲೇ ಹರಿದು ಚಿಂದಿ ಆಯ್ತು. ನಮ್ಮದು ಎರಿ (ಕಪ್ಪು) ಮಣ್ಣು. ಬ್ಯಾಸಗ್ಯಾಗ ಅಂಗೈ ತೂರುವಷ್ಟು ಬಿರೀತದ, ಮಳಿ ಬಂದ್ರ ಉಬ್ಬತದ, 2 ಅಡಿ ಹೂತ ಕಂಬ ವಾಲತಾವ.

ಪೂರ್ತಿ ಮುಚ್ಚಿದ್ರ ಗಾಳಿ ಮ್ಯಾಲಿಂದ ಹಾರಿ ಒಳಗ ಸುಳಿ ಹೊಡೀತದ, ಸಂದು ಇರೋ ಬೇಲಿನೇ ಛಲೋ ಅಂತ ತಿಳೀತು. ಈಗ ಕಲ್ಲಿನ ಕಂಬಕ್ಕ ತಂತಿ ಜಾಳಿಗಿ ಹಾಕಿ ಒಳಗ ಮೆಹಂದಿ ಸಾಲು ಹಚ್ಚಲೋ, ಸಂದು ಬಿಟ್ಟು ಶಹಾಬಾದ್ ಪರ್ಸಿ (ಚಪ್ಪಟಿ ಹಾಸುಗಲ್ಲು) ನಿಲ್ಲಸಲೋ? ಎರಿ ಮಣ್ಣಿನಾಗ ಕಂಬ ಎಷ್ಟು ಅಡಿ ಹೂಳಬೇಕು? ಮಾಡಿಸಿದವರು ದಯವಿಟ್ಟು ಹೇಳ್ರಿ.