ಸೆಪ್ಟೆಂಬರ್‌ನಲ್ಲಿ ವಿದೇಶ ಪ್ರವಾಸ: ಟ್ರಾವೆಲ್ ಕ್ಲಿನಿಕ್ ಡಾಕ್ಟರಿಗೆ ನಿಮ್ಮ ಪ್ರಶ್ನೆಗಳು

ಎಸ್: ಡಾಕ್ಟ್ರೇ ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ ಕೀನ್ಯಾ ಸಫಾರಿಗೆ ಹೊರಟಿದ್ದೇವೆ. ಹಳದಿ ಜ್ವರದ ಲಸಿಕೆ ಯಾವಾಗ ಹಾಕಿಸಬೇಕು?

ಡಾಕ್ಟರ್: ನಮಸ್ಕಾರ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು. ಸರ್ಟಿಫಿಕೇಟ್‌ಗೆ ಬೆಲೆ ಬರುವುದೇ 10 ದಿನದ ನಂತರ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆ ಮರೆಯಬೇಡಿ. ವಾಪಸ್ ಬಂದ ಮೇಲೂ ನುಂಗಬೇಕು. ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ.

ಕೆ: ಅಮ್ಮನಿಗೆ ಮಂಡಿ ಬದಲಿಸಿ ಏಳು ವಾರ ಆಯ್ತು. ಹದಿನೈದು ದಿನಕ್ಕೆ ಟೊರಾಂಟೋಗೆ ಅಕ್ಕನ ಮನೆಗೆ ಹೊರಡಬೇಕು. ಕಾಲು ಸ್ವಲ್ಪ ಊದಿದೆ. ವಿಮಾನದಲ್ಲಿ ಯಾವ ಸಾಕ್ಸ್ ಹಾಕಿಸಲಿ?

ಡಾಕ್ಟರ್: ಎರಡೂ ಕಾಲಾ, ಒಂದೇನಾ?

ಕೆ: ಆಪರೇಷನ್ ಆದ ಕಾಲು. ಪೂರ್ತಿ ಇಳಿದಿತ್ತು, ನಾಲ್ಕು ದಿನದಿಂದ ಮತ್ತೆ ಬಂದಿದೆ. ಮೀನಖಂಡ ಬಿಗಿಯುತ್ತೆ ಅಂತಾರೆ.

ಡಾಕ್ಟರ್: ಸಾಕ್ಸ್ ವಿಷಯ ಬಿಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಪರೇಷನ್ ಆದ ಕಾಲು ಊದುವುದು ಸಾಮಾನ್ಯ, ನಿಜ. ಆದರೆ ಇಳಿದ ಊತ ತಿರುಗಿ ಬಂದು ಮೀನಖಂಡ ಬಿಗಿದರೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಡಾಪ್ಲರ್ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ, ನೋವೂ ಇಲ್ಲ. ಎರಡೂ ಮೀನಖಂಡದ ಸುತ್ತಳತೆ ಟೇಪ್ ಹಿಡಿದು ನೋಡಿ, ಬರೆದುಕೊಂಡು ಹೋಗಿ. ಅಳತೆ ಒಂದೇ ಬಂದರೂ ಹೋಗಲೇಬೇಕು. ಕಾಲು ತಿಕ್ಕಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಂಬ್ಯುಲೆನ್ಸ್ ಕರೆಯಿರಿ. ಟಿಕೆಟ್ ಮುಂದೂಡಿ. ಮಂಡಿ ಬದಲಿಸಿದ ಮೇಲೆ ಮೊದಲ ಮೂರು ತಿಂಗಳು ದೂರದ ವಿಮಾನ ಬೇಡ ಅಂತಲೇ ನಾನು ಹೇಳುವುದು.

ಆರ್: ಕೆ ಅವರೇ, ಗಾಬರಿ ಬೇಡ. ಫಾರ್ವರ್ಡ್ ಆಗಿ ಬಂದದ್ದು: ಬೆಳಿಗ್ಗೆ ಹಸಿ ಬೆಳ್ಳುಳ್ಳಿ, ರಾತ್ರಿ ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ನೀವುವುದು, ಹತ್ತುವ ಮುಂಚೆ ಒಂದು ಆಸ್ಪಿರಿನ್. ಹೆಪ್ಪು ಕರಗುತ್ತೆ.

ಡಾಕ್ಟರ್: ಕರಗುವುದಿಲ್ಲ. ನೀವಬೇಡಿ ಅಂತ ಈಗಷ್ಟೇ ಬರೆದೆ. ಅವರು ಆಗಲೇ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ, ಮೇಲೆ ಆಸ್ಪಿರಿನ್ ಬಿದ್ದು ರಕ್ತಸ್ರಾವ ಆಗಬಹುದು. ದಯವಿಟ್ಟು ಅಳಿಸಿ.

ವಿ: ಮಗುವಿಗೆ ನಾಲ್ಕು ವರ್ಷ, ವಿಮಾನದಲ್ಲಿ ವಾಂತಿ ಮಾಡುತ್ತೆ. ಏನು ಕೊಡಬಹುದು?

ಎಂ: ಆರ್ ಹೇಳಿದ್ದರಲ್ಲಿ ತಪ್ಪೇನು? ನಮ್ಮ ಮಾವ ಹಾಗೇ ಮಾಡಿ ಹೋಗಿಬಂದರು.

ಪಿ: ನಿಮ್ಮ ಮಾವನಿಗೆ ಹೆಪ್ಪೇ ಇರಲಿಲ್ಲವೇನೋ. ಇಲ್ಲಿ ಒಬ್ಬರ ತಾಯಿಯ ಜೀವದ ಮಾತು ನಡೀತಿದೆ.

ಎಂ: ನೀವೇನು ಡಾಕ್ಟರಾ?

ಪಿ: ಅಲ್ಲ. ಅದಕ್ಕೇ ಔಷಧಿ ಹೇಳ್ತಿಲ್ಲ.

ಜೆ: ಹಳದಿ ಜ್ವರದ ಲಸಿಕೆ ಎಷ್ಟು ದಿನ ಮೊದಲು ಸಾರ್?

ಡಾಕ್ಟರ್: ಮೇಲೆ ನೋಡಿ.

ಡಿ: ಜಪಾನ್‌ಗೆ ಶೀತದ ಮಾತ್ರೆ ಒಯ್ಯಬಹುದಾ?

ಡಾಕ್ಟರ್: ಕಟ್ಟಿದ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಅನ್ನುವ ಔಷಧ 10%ಗಿಂತ ಜಾಸ್ತಿ ಇದ್ದರೆ ಅಲ್ಲಿ ನಿಷಿದ್ಧ. ಮಾತ್ರೆಯ ಸ್ಟ್ರಿಪ್ ಹಿಂದೆ ಓದಿ.

ಆರ್: ನಾನು ಒಳ್ಳೆಯದಕ್ಕೇ ಹಾಕಿದ್ದು. ಈ ಗುಂಪಲ್ಲಿ ಮನೆಮದ್ದು ಅಂದರೆ ಎಲ್ಲರಿಗೂ ಸಿಟ್ಟು.

ಡಾಕ್ಟರ್: ಹೌದು, ಸಿಟ್ಟು ಬರುತ್ತದೆ. ಇಂಥದ್ದನ್ನು ನಂಬಿ ತಡವಾಗಿ ಬಂದವರನ್ನು ನೋಡಿದ್ದೇನೆ. ಇನ್ನೂ ಅಳಿಸಿಲ್ಲ ನೀವು.

ಎಂ: ಹಾಗಾದ್ರೆ ಗುಂಪೇ ಮುಚ್ಚಿಬಿಡಿ.

ಜೆ: ಮೇಲೆ ಅಂದರೆ ಎಲ್ಲಿ ಸಾರ್? ಸಿಗ್ತಿಲ್ಲ.

ಕೆ: ಡಾಕ್ಟ್ರೇ, ನಾಲ್ಕು ಗಂಟೆಗೆ ಸ್ಕ್ಯಾನ್ ಸಿಕ್ಕಿದೆ. ಅಳತೆಯಲ್ಲಿ ಆ ಕಾಲು ಮೂರೂವರೆ ಸೆಂಟಿಮೀಟರ್ ಜಾಸ್ತಿ ಇದೆ.

ಡಾಕ್ಟರ್: ನಾಲ್ಕರ ತನಕ ಕಾಯಬೇಡಿ. ಎಮರ್ಜೆನ್ಸಿಗೆ ಹೋಗಿ ಈ ಅಳತೆ ಹೇಳಿ. ಈಗಲೇ ಹೊರಡಿ.