ಅಜ್ಜನ ವಹಿಯಲ್ಲಿ ದಿಮ್ಮಿಯ ಅಳತೆ ಕಡಿಮೆ ಇರುವುದೇಕೆ?

ಪ್ರಶ್ನೆ (ಹಾನಗಲ್ಲ):
ನಮ್ಮ ಅಜ್ಜನವರು ಹೊಲದ ಬೇವಿನ ಮರ ಮಾರಿದ ಲೆಕ್ಕ ಹಳೆಯ ವಹಿಯೊಂದರಲ್ಲಿದೆ. ನಾಲ್ಕು ಅಡಿ ಸುತ್ತಳತೆ, ಹತ್ತು ಅಡಿ ಉದ್ದದ ದಿಮ್ಮಿಗೆ 10 ಘನ ಅಡಿ ಎಂದು ಬರೆದಿದ್ದಾರೆ. ಶಾಲೆಯಲ್ಲಿ ಕಲಿತ ಸೂತ್ರದಿಂದ ನನಗೆ 12.7 ಘನ ಅಡಿ ಬರುತ್ತದೆ. ಕೊಂಡವರು ಮೋಸ ಮಾಡಿದರೇ? ಲೆಕ್ಕದ ಕೆಳಗೆ ‘ಚಕ್ಕೆ ಮನೆಗೆ’ ಎಂದೂ ಇದೆ, ಅದರ ಅರ್ಥ ತಿಳಿಯಲಿಲ್ಲ.

ಉತ್ತರ (ಕಲಘಟಗಿ):
ಮೋಸವಲ್ಲ, ಅಂದಿನ ರೂಢಿ. ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುತ್ತಿದ್ದರು. ಇಲ್ಲಿ ಒಂದು ಅಡಿ, ಒಂದು ಅಡಿ, ಹತ್ತು ಅಡಿ, ಹೀಗಾಗಿ 10. ದುಂಡು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಮರವನ್ನು ಈ ಲೆಕ್ಕ ಮೊದಲೇ ಬಿಟ್ಟುಬಿಡುತ್ತದೆ.

ಯಂತ್ರ ಬರುವ ಮುಂಚೆ ಈ ಕೊಯ್ತವನ್ನು ಇಬ್ಬರು ಮಾಡುತ್ತಿದ್ದರು. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡಲಾಗಿ ಇಟ್ಟು, ಬಣ್ಣದಲ್ಲಿ ಅದ್ದಿದ ದಾರವನ್ನು ಎಳೆದು ಬಿಟ್ಟು ಗೆರೆ ಮೂಡಿಸಿ, ಒಬ್ಬ ಮೇಲೆ ನಿಂತು ಗರಗಸವನ್ನು ಆ ಗೆರೆಯ ಮೇಲೆ ಹಿಡಿದು ನಡೆಸಿದರೆ, ಇನ್ನೊಬ್ಬ ಗುಂಡಿಯೊಳಗಿಂದ ಕೆಳಕ್ಕೆ ಎಳೆಯುತ್ತಿದ್ದ. ಗರಗಸ ಕೊಯ್ಯುವುದು ಕೆಳಕ್ಕೆ ಬರುವಾಗ. ಆದ್ದರಿಂದ ಮರದ ಹೊಟ್ಟು ಎಲ್ಲ ಕೆಳಗಿನವನ ಕಣ್ಣಿಗೆ. ಸೀಳು ಕೂಡಿಕೊಂಡು ಗರಗಸ ಸಿಕ್ಕಿಬೀಳದಂತೆ ಬೆಣೆ ಬಡಿಯುತ್ತಿದ್ದರು. (ಬೆಣೆ ಕಿತ್ತ ಕೋತಿಯ ಕಥೆ ಯಾರಿಗೆ ಗೊತ್ತಿಲ್ಲ!) ಗೆರೆ ತಪ್ಪಿದರೆ ಹಲಗೆಯ ಒಂದು ತುದಿ ದಪ್ಪ, ಇನ್ನೊಂದು ತೆಳುವು, ಅದನ್ನು ತಿದ್ದುವ ಪಾಡು ಬಡಿಗೇರರದ್ದು.

ಉತ್ತರ (ಅಳ್ನಾವರ):
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ದಾಂಡೇಲಿಯ ಸಾಗವಾನಿ ರೈಲಿನಲ್ಲಿ ಬಂದು ಸೇರುತ್ತಿದ್ದ ನಮ್ಮೂರಿನಲ್ಲಿ ಹೊಟ್ಟಿನ ಲೆಕ್ಕಕ್ಕೆ ಬೆಲೆಯಿತ್ತು. ದುಂಡು ಗರಗಸ ಅಗಲಕ್ಕೆ ಕೊರೆಯುತ್ತದೆ, ಪಟ್ಟಿ ಗರಗಸ ತೆಳ್ಳಗೆ ಕೊಯ್ಯುತ್ತದೆ. ಒಂದು ದಿಮ್ಮಿಯಿಂದ ಹತ್ತಾರು ಹಲಗೆ ತೆಗೆಯುವಾಗ ಪ್ರತಿ ಕೊಯ್ತದಲ್ಲಿ ಉಳಿದ ಒಂದೊಂದು ನೂಲು (ಅಂಗುಲದ ಎಂಟನೆಯ ಒಂದು ಭಾಗ) ಸೇರಿ ಮತ್ತೊಂದು ಹಲಗೆಯೇ ಆಗುತ್ತದೆ. ದಿಮ್ಮಿಯನ್ನು ಚೌಕ ಮಾಡುವಾಗ ಹೊರಮೈಯಿಂದ ಸೀಳಿ ಬರುವ, ಒಂದು ಮೈ ದುಂಡಗಿರುವ ತುಂಡುಗಳೇ ಚಕ್ಕೆ. ಅವುಗಳ ವಿಷಯವನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಅವು ಕೊಂಡವರ ಪಾಲು.

ಪ್ರಶ್ನೆ ಕೇಳಿದವರು:
ಹಾಗಾದರೆ ಅಜ್ಜನವರು ಲೆಕ್ಕಕ್ಕೆ ಬಾರದ ಆ 2.7 ಘನ ಅಡಿಯಲ್ಲಿ ಹೊಟ್ಟು ಬಿಟ್ಟು ಉಳಿದದ್ದನ್ನು ಮನೆಗೆ ತಂದಿದ್ದಾರೆ. ಹಿತ್ತಲಿನ ಹಳೆಯ ಬೇಲಿಗೆ ಬಡಿದ, ಒಂದು ಮೈ ದುಂಡಗಿರುವ ಬೇವಿನ ತುಂಡುಗಳು ಎಲ್ಲಿಂದ ಬಂದವು ಎಂಬುದೂ ಈಗ ತಿಳಿಯಿತು.