ಉಚ್ಛ್ವಾಸ ಒಳಗೋ, ಹೊರಗೋ? ಯೋಗದ ಕೈಪಿಡಿಯೊಂದರ ಉಸಿರಾಟದ ಪದಗಳು

ಮಾನ್ಯರೆ,

ಯೋಗಾಭ್ಯಾಸದ ಮೂಲಕ ಶರೀರರಚನೆಯನ್ನೂ ಉಸಿರಾಟದ ಕ್ರಮವನ್ನೂ ತಿಳಿಸಿಕೊಡುವ ಕನ್ನಡ ಕೈಪಿಡಿಯೊಂದರ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಎದುರಾದ ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. ಮುಖ್ಯವಾದದ್ದು ಉಚ್ಛ್ವಾಸ, ನಿಶ್ವಾಸ ಎಂಬ ಜೋಡಿ. ಉಳಿದವು ಅದರ ಬೆನ್ನಿಗೇ ಬಂದವು.

ನಮ್ಮ ಶಾಲಾ ಪಠ್ಯಗಳಲ್ಲಿ ಉಚ್ಛ್ವಾಸವೆಂದರೆ ಗಾಳಿಯನ್ನು ಒಳಗೆ ತೆಗೆದುಕೊಳ್ಳುವುದು, ನಿಶ್ವಾಸವೆಂದರೆ ಹೊರಗೆ ಬಿಡುವುದು. ತೆಲುಗಿನಲ್ಲಿಯೂ ಹೀಗೆಯೇ ಬಳಸುತ್ತಾರೆ. ಮರಾಠಿಯಲ್ಲಿ ಮಾತ್ರ ಒಳಗೆ ಹೋಗುವುದು ಶ್ವಾಸ, ಹೊರಗೆ ಬರುವುದು ಉಚ್ಛ್ವಾಸ. ಕರಡಿನ ಒಂದು ಅಧ್ಯಾಯ ಮರಾಠಿಯಿಂದ ಅನುವಾದವಾದದ್ದು, ಅದರಲ್ಲಿ ‘ಮುಂದಕ್ಕೆ ಬಾಗುತ್ತ ಉಚ್ಛ್ವಾಸ ಮಾಡಬೇಕು’ ಎಂಬ ಸೂಚನೆ ಹಾಗೆಯೇ ಉಳಿದುಕೊಂಡಿದೆ. ಮೂಲದಲ್ಲಿ ಅದು ಸರಿಯಾದ ಸೂಚನೆ: ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಬಾಗಿದಂತೆ ಹೊಟ್ಟೆಯ ಮೇಲೆ ಒತ್ತಡ ಬಿದ್ದು ಒಳಗಿನ ಅಂಗಗಳು ಮೇಲಕ್ಕೆ ಸರಿಯುತ್ತವೆ, ಎದೆಗೂಡು ಹಿಗ್ಗುವುದಕ್ಕೆ ಜಾಗ ಕಡಿಮೆಯಾಗುತ್ತದೆ, ಆದ್ದರಿಂದ ಉಸಿರನ್ನು ಬಿಡುತ್ತ ಬಾಗುವುದು ದೇಹಕ್ಕೆ ಹೊಂದುತ್ತದೆ. ಕನ್ನಡದಲ್ಲಿ ಅದೇ ವಾಕ್ಯವನ್ನು ಓದಿದ ಅಭ್ಯಾಸಿ ಎದೆ ತುಂಬ ಗಾಳಿ ತುಂಬಿಕೊಂಡು ಬಾಗಲು ಹೆಣಗುತ್ತಾನೆ. ಕಾಗುಣಿತದ ತಪ್ಪು ಒಂದೂ ಇಲ್ಲದ, ವ್ಯಾಕರಣ ಶುದ್ಧವಾದ ಇಂಥ ವಾಕ್ಯ ಕರಡು ತಿದ್ದುವವರ ಕಣ್ಣಿಗೆ ಬೀಳುವುದೇ ಕಷ್ಟ.

ಸಂಸ್ಕೃತವನ್ನು ಕೇಳಿದರೆ ಜಗಳ ಬಗೆಹರಿಯುವುದಿಲ್ಲ. ಉತ್ ಎಂಬ ಉಪಸರ್ಗಕ್ಕೆ ‘ಮೇಲಕ್ಕೆ’ ಎಂಬ ಅರ್ಥವಿದೆ. ಎದೆ ಮೇಲೇಳುವುದನ್ನು ಗಮನಿಸಿದವರಿಗೆ ಉಚ್ಛ್ವಾಸ ಒಳಗಿನದಾಗುತ್ತದೆ, ಗಾಳಿ ಒಳಗಿನಿಂದ ಮೇಲೆದ್ದು ಬರುವುದನ್ನು ಗಮನಿಸಿದವರಿಗೆ ಹೊರಗಿನದಾಗುತ್ತದೆ. ಸಂಸ್ಕೃತ ನಿಘಂಟುಗಳಲ್ಲಿ ಎರಡು ಅರ್ಥಗಳೂ ದಾಖಲಾಗಿವೆ. (ಗದ್ಯಕಾವ್ಯದ ಅಧ್ಯಾಯಕ್ಕೂ ಉಚ್ಛ್ವಾಸವೆಂಬ ಹೆಸರಿದೆ, ನಮ್ಮ ಚಂಪೂಕಾವ್ಯಗಳ ಆಶ್ವಾಸವೂ ಅದೇ ಧಾತುವಿನ ಕುಡಿ. ಓದುವವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದು ಕವಿಗಳಿಗಾದರೂ ಗೊತ್ತಿತ್ತು.) ನಿಶ್ವಾಸದ ಪಾಡೂ ಹೀಗೆಯೇ. ನಿಃ ಎಂಬುದು ಹೊರಗೆ ಎಂಬ ಅರ್ಥವನ್ನು ಕೊಡುತ್ತದೆ, ನಿ ಎಂಬುದು ಕೆಳಗೆ ಅಥವಾ ಒಳಗೆ ಎಂಬುದನ್ನು. ನಿಃಶ್ವಾಸ ಎಂದು ಬರೆದರೆ ದಿಕ್ಕು ಸ್ಪಷ್ಟ. ವಿಸರ್ಗವನ್ನು ಕೈಬಿಟ್ಟು ನಿಶ್ವಾಸ ಎಂದು ಬರೆಯುವ ಇಂದಿನ ರೂಢಿಯಲ್ಲಿ ಅದು ಯಾವ ಉಪಸರ್ಗದಿಂದ ಬಂದಿತೆಂದು ಪದವನ್ನು ನೋಡಿ ಹೇಳಲಾಗದು.

ಯೋಗಶಾಸ್ತ್ರದ ಗ್ರಂಥಗಳು ಬೇರೆ ಜೋಡಿಯನ್ನು ಬಳಸುತ್ತವೆ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದ 49ನೆಯ ಸೂತ್ರ ಪ್ರಾಣಾಯಾಮವನ್ನು ಶ್ವಾಸ ಮತ್ತು ಪ್ರಶ್ವಾಸಗಳ ಗತಿವಿಚ್ಛೇದ, ಅಂದರೆ ಅವುಗಳ ಚಲನೆಯನ್ನು ತಡೆಯುವುದು, ಎಂದು ಕರೆಯುತ್ತದೆ. ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಅದನ್ನು ಬಿಡಿಸಿ ‘ಬಾಹ್ಯಸ್ಯ ವಾಯೋರಾಚಮನಂ ಶ್ವಾಸಃ, ಕೌಷ್ಠ್ಯಸ್ಯ ವಾಯೋರ್ನಿಃಸಾರಣಂ ಪ್ರಶ್ವಾಸಃ’ ಎನ್ನುತ್ತದೆ. ಹೊರಗಿನ ಗಾಳಿಯ ಆಚಮನವೇ ಶ್ವಾಸ, ಒಳಗಿನ ಗಾಳಿಯನ್ನು ಹೊರಹಾಕುವುದು ಪ್ರಶ್ವಾಸ! ಗಾಳಿಯನ್ನು ನೀರಿನಂತೆ ಗುಟುಕರಿಸುವ ಈ ಮಾತು ನನಗೆ ಬಹಳ ಹಿಡಿಸಿತು. ಇಲ್ಲಿ ದಿಕ್ಕಿನ ಗೊಂದಲವಿಲ್ಲ, ಆದರೆ ಕನ್ನಡದಲ್ಲಿ ಶ್ವಾಸವೆಂದರೆ ಎರಡು ಕಡೆಯ ಉಸಿರೂ ಆಗುವುದರಿಂದ ಈ ಜೋಡಿಯನ್ನು ತರುವುದು ಸುಲಭವಲ್ಲ. ಪ್ರಾಣ, ಅಪಾನ ಎಂಬವುಗಳನ್ನು ತಂದರೆ ತೊಡಕು ಹೆಚ್ಚುತ್ತದೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ 29ನೆಯ ಶ್ಲೋಕಕ್ಕೆ ಬರೆದ ಭಾಷ್ಯದಲ್ಲಿ ಶಂಕರಾಚಾರ್ಯರು ಬಾಯಿ ಮೂಗುಗಳಿಂದ ಗಾಳಿ ಹೊರಗೆ ಹೋಗುವುದನ್ನು ಪ್ರಾಣದ ಗತಿಯೆಂದೂ ಅದಕ್ಕೆ ವಿರುದ್ಧವಾದುದನ್ನು ಅಪಾನದ ಗತಿಯೆಂದೂ ಹೇಳುತ್ತಾರೆ; ಈಗಿನ ಯೋಗದ ತರಗತಿಗಳಲ್ಲಿ ಪ್ರಾಣವನ್ನು ಒಳಗೆ ಬರುವುದೆಂದೇ ಹೇಳಿಕೊಡುವುದನ್ನು ಕೇಳಿದ್ದೇನೆ.

ಹಾಗಾದರೆ ಪೂರಕ, ರೇಚಕ ಸಾಲದೇ ಎಂದು ತಾವು ಕೇಳಬಹುದು. ತುಂಬುವುದು, ಬರಿದುಮಾಡುವುದು ಎಂಬ ಕ್ರಿಯೆಗಳೇ ಆ ಪದಗಳಲ್ಲಿರುವುದರಿಂದ ಯಾವ ಭಾಷೆಗೆ ಹೋದರೂ ಅವು ತಿರುಗಿ ನಿಲ್ಲುವುದಿಲ್ಲ, ಇದು ದೊಡ್ಡ ಅನುಕೂಲ. ಆದರೆ ಪೂರಕ, ಕುಂಭಕ (ಉಸಿರನ್ನು ತಡೆದು ನಿಲ್ಲಿಸುವುದು), ರೇಚಕಗಳು ಅಭ್ಯಾಸಿಯು ಬೇಕೆಂದೇ, ಮಾತ್ರೆಯ, ಅಂದರೆ ಕಾಲದ ಅಳತೆಯ, ಲೆಕ್ಕವಿಟ್ಟು ನಡೆಸುವ ಉಸಿರಿನ ಹೆಸರುಗಳು. ನಿದ್ರಿಸುತ್ತಿರುವವನ ಉಸಿರನ್ನು ಪೂರಕವೆನ್ನುವುದು ಸರಿಯೆನಿಸುವುದಿಲ್ಲ, ಶರೀರಕ್ರಿಯೆಯನ್ನು ವಿವರಿಸುವ ಅಧ್ಯಾಯಕ್ಕೆ ಬೇಕಾದದ್ದು ಅದೇ ಉಸಿರು. ಜೊತೆಗೆ, ಬರಿದುಮಾಡುವುದೆಂಬ ಅರ್ಥವನ್ನು ಅಕ್ಷರಶಃ ತೆಗೆದುಕೊಂಡ ಕರಡಿನ ಲೇಖಕರು ‘ರೇಚಕದಲ್ಲಿ ಶ್ವಾಸಕೋಶ ಪೂರ್ತಿ ಖಾಲಿಯಾಗುತ್ತದೆ’ ಎಂದು ಬರೆದುಬಿಟ್ಟಿದ್ದಾರೆ. ವಯಸ್ಕರಲ್ಲಿ ಒಂದು ಸಹಜ ಉಸಿರಿಗೆ ಒಳಹೊರಗಾಗುವ ಗಾಳಿ ಸುಮಾರು 500 ಮಿಲಿಲೀಟರ್. ಅದರಲ್ಲೂ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಶ್ವಾಸಕೋಶದೊಳಗಿನ ಗಾಳಿಗೂಡುಗಳನ್ನು ತಲುಪುವುದಿಲ್ಲ. ಎಷ್ಟೇ ಬಲವಾಗಿ ಉಸಿರುಬಿಟ್ಟರೂ ಸುಮಾರು 1200 ಮಿಲಿಲೀಟರ್ ಗಾಳಿ ಶ್ವಾಸಕೋಶಗಳಲ್ಲಿ ಉಳಿದೇ ಇರುತ್ತದೆ. ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ.

ಸದ್ಯಕ್ಕೆ ನನ್ನ ಒಲವು ಕನ್ನಡದ ಕ್ರಿಯಾಪದಗಳ ಕಡೆಗಿದೆ. ಉಸಿರೆಳೆದುಕೊಳ್ಳು, ಉಸಿರುಬಿಡು ಎಂದರೆ ಯಾರಿಗೂ ಅನುಮಾನವಿರುವುದಿಲ್ಲ. ಸೂಚನೆಗಳಿರುವ ಕಡೆಯಲ್ಲೆಲ್ಲ ಇವನ್ನೇ ಬಳಸಬಹುದು. ಎಳೆ ಎಂಬ ಧಾತುವಿನ ಬಗ್ಗೆ ಮಾತ್ರ ಸಣ್ಣದೊಂದು ಅಳುಕಿದೆ. ‘ಉಸಿರೆಳೆಯಿರಿ’ ಎಂದೊಡನೆ ಹೊಸಬರು ಮೂಗಿನ ಹೊಳ್ಳೆಗಳನ್ನು ಬಿಗಿದು, ಭುಜ ಎತ್ತಿ, ಕತ್ತಿನ ಸ್ನಾಯುಗಳು ಉಬ್ಬುವಷ್ಟು ಜೋರಾಗಿ ಗಾಳಿಯನ್ನು ಸೆಳೆಯತೊಡಗುತ್ತಾರೆ. ವಾಸ್ತವದಲ್ಲಿ ಎದೆಗೂಡು ಹಿಗ್ಗಿದಾಗ ಒಳಗಿನ ಒತ್ತಡ ಕಡಿಮೆಯಾಗಿ ಗಾಳಿ ತಾನಾಗಿಯೇ ಒಳಗೆ ಬರುತ್ತದೆ. ಸೆಳೆಯುವ ಕೆಲಸ ಮೂಗಿನದಲ್ಲ. ಈ ಕಾರಣಕ್ಕೆ ‘ಉಸಿರು ತೆಗೆದುಕೊಳ್ಳಿ’ ಎಂಬ ಮೆತ್ತನೆಯ ರೂಪ ಮೇಲೆಂದು ತೋರುತ್ತದೆ. ಕಷ್ಟವಿರುವುದು ನಾಮಪದದಲ್ಲಿ. ನಿಟ್ಟುಸಿರು, ಏದುಸಿರು, ಮೇಲುಸಿರು ಎಂಬ ಸಮಾಸಗಳು ನಮ್ಮಲ್ಲಿ ಸಹಜವಾಗಿ ನಿಂತಿವೆ. ಅದೇ ಜಾಡಿನಲ್ಲಿ ಒಳಗುಸಿರು, ಹೊರಗುಸಿರು ಎನ್ನಬಹುದೇ? ಒಳುಸಿರು, ಹೊರುಸಿರು ಎಂಬ ಲೋಪಸಂಧಿಯ ರೂಪಗಳು ಕಿವಿಗೆ ಒಗ್ಗುತ್ತಿಲ್ಲ, ಒಳ ಉಸಿರು ಎಂದು ಬಿಡಿಸಿ ಬರೆದರೆ ಪಾರಿಭಾಷಿಕ ಪದದ ಬಿಗಿ ಬರುವುದಿಲ್ಲ.

ಎರಡನೆಯ ಸಂದೇಹ ವಪೆ (ಡಯಾಫ್ರಮ್) ಎಂಬ ಪದದ ಬಗ್ಗೆ. ಎದೆಗೂ ಹೊಟ್ಟೆಗೂ ನಡುವೆ ಕವುಚಿ ಹಾಕಿದ ಬೋಗುಣಿಯಂತೆ ನಿಂತಿರುವ ಸ್ನಾಯುವಿಗೆ ಪಠ್ಯಪುಸ್ತಕಗಳು ಈ ಹೆಸರನ್ನಿಟ್ಟಿವೆ. ಸಂಸ್ಕೃತದ ವಪಾ ಬೇರೆಯೇ ವಸ್ತು: ಕರುಳಿನ ಮೇಲೆ ಹರಡಿರುವ ಕೊಬ್ಬಿನ ಪೊರೆ, ಪಶುಯಾಗದಲ್ಲಿ ಹೋಮಿಸುತ್ತಿದ್ದುದು ಅದನ್ನೇ. ಪೊರೆಯೆಂಬ ಭಾವನೆ ಓದುಗರ ತಲೆಯಲ್ಲಿ ಕುಳಿತರೆ ಯೋಗದ ಮಟ್ಟಿಗೆ ನಷ್ಟವೇ ಆಗುತ್ತದೆ, ಏಕೆಂದರೆ ಉಸಿರಾಟದ ಮುಖ್ಯ ಸ್ನಾಯುವೇ ಇದು. ಇದರ ಅಂಚು ಎದೆಯೆಲುಬಿನ ತುದಿಗೂ ಕೆಳಗಿನ ಆರು ಜೊತೆ ಪಕ್ಕೆಲುಬುಗಳಿಗೂ ಸೊಂಟದ ಭಾಗದ ಕಶೇರುಗಳಿಗೂ (ಬೆನ್ನುಮೂಳೆಯ ಮಣಿಗಳಿಗೂ) ಅಂಟಿಕೊಂಡಿದೆ. ಸಂಕುಚಿಸಿದಾಗ ಗುಮ್ಮಟ ಚಪ್ಪಟೆಯಾಗಿ ಕೆಳಕ್ಕಿಳಿಯುತ್ತದೆ, ಹೊಟ್ಟೆಯೊಳಗಿನ ಅಂಗಗಳು ಒತ್ತಲ್ಪಟ್ಟು ಮುಂದಕ್ಕೆ ಬರುತ್ತವೆ, ಹೊಟ್ಟೆ ಉಬ್ಬುತ್ತದೆ. ಶವಾಸನದಲ್ಲಿ ಮಲಗಿ ಹೊಕ್ಕುಳಿನ ಮೇಲೆ ಅಂಗೈ ಇಟ್ಟುಕೊಂಡವರಿಗೆ ತಿಳಿಯುವುದು ಈ ಚಲನೆಯೇ. ‘ಹೊಟ್ಟೆಗೆ ಉಸಿರು ತುಂಬಿಕೊಳ್ಳಿ’ ಎಂಬ ತರಗತಿಯ ಮಾತನ್ನು ನಂಬಿದವರು ಗಾಳಿಯೇ ಅಲ್ಲಿಗೆ ಇಳಿಯಿತೆಂದು ತಿಳಿಯುತ್ತಾರೆ. ಕರಡಿನಲ್ಲಿ ವ್ಯಾಸಭಾಷ್ಯದ ಕೌಷ್ಠ್ಯವಾಯುವನ್ನು, ಅಂದರೆ ಕೋಷ್ಠದ ಗಾಳಿಯನ್ನು, ‘ಹೊಟ್ಟೆಯ ಗಾಳಿ’ ಎಂದು ಅನುವಾದಿಸಿರುವುದಕ್ಕೂ ಇದೇ ಮೂಲವಿರಬೇಕು. ಆಯುರ್ವೇದದ ಸುಶ್ರುತಸಂಹಿತೆಯು ಕೋಷ್ಠವನ್ನು ಹೇಳುವಾಗ ಆಮಾಶಯ (ಜಠರ), ಪಕ್ವಾಶಯಗಳ (ದೊಡ್ಡ ಕರುಳಿನ) ಜೊತೆಗೆ ಹೃದಯವನ್ನೂ ಫುಪ್ಫುಸವನ್ನೂ (ಶ್ವಾಸಕೋಶವನ್ನೂ) ಸೇರಿಸುತ್ತದೆ. ಆದ್ದರಿಂದ ಅಲ್ಲಿ ‘ಮುಂಡದ ಒಳಗಿನ ಗಾಳಿ’ ಎನ್ನುವುದೇ ಯುಕ್ತ.

ಹೊಟ್ಟೆಯನ್ನು ಪಕ್ಕೆಲುಬಿನಡಿಗೆ ಗುಳಿಬೀಳಿಸುವ ಯೋಗಕ್ರಿಯೆಯಾದ ಉಡ್ಡಿಯಾನಬಂಧದ ವಿವರಣೆಯಲ್ಲಿ ವಪೆಯ ಚಲನೆಯ ಇನ್ನೊಂದು ಮುಖ ಕಾಣುತ್ತದೆ. ‘ಹೊಟ್ಟೆಯನ್ನು ಬಲವಾಗಿ ಒಳಗೆಳೆಯಬೇಕು’ ಎಂದು ಕರಡು ಹೇಳುತ್ತದೆ. ಹಾಗೆ ಎಳೆಯಲು ಹೋದವರು ಹೊಟ್ಟೆಯ ಸ್ನಾಯುಗಳನ್ನು ಬಿಗಿಯುತ್ತಾರೆ, ಬಂಧ ಕೂಡುವುದಿಲ್ಲ. ನಡೆಯಬೇಕಾದದ್ದು ಇಷ್ಟು: ಉಸಿರನ್ನು ಸಾಧ್ಯವಾದಷ್ಟೂ ಬಿಟ್ಟು, ಗಂಟಲನ್ನು ಮುಚ್ಚಿ, ಗಾಳಿಯನ್ನು ಒಳಗೆ ಬಿಡದೆಯೇ ಉಸಿರು ತೆಗೆದುಕೊಳ್ಳುವವರಂತೆ ಪಕ್ಕೆಲುಬುಗಳನ್ನು ಅಗಲಿಸಬೇಕು, ಹೊಟ್ಟೆಯ ಸ್ನಾಯುಗಳು ಸಡಿಲವಾಗಿರಬೇಕು. ಆಗ ಎದೆಯೊಳಗಿನ ಒತ್ತಡ ತಗ್ಗಿ, ಸಡಿಲಗೊಂಡ ವಪೆ ಮೇಲಕ್ಕೆ ಸರಿದು, ಹೊಟ್ಟೆ ತಾನಾಗಿ ಪಕ್ಕೆಲುಬಿನಡಿಗೆ ಗುಳಿಬೀಳುತ್ತದೆ. ‘ಒಳಗೆಳೆ’ ಎಂಬಲ್ಲಿ ‘ಒಳಸರಿಯಲು ಬಿಡು’ ಎಂದು ತಿದ್ದಿದ್ದೇನೆ. ಮಾತು ಉದ್ದವಾಯಿತು, ಆದರೆ ದೇಹದಲ್ಲಿ ನಡೆಯುವುದು ಅದೇ.

ಈಗ ಕೇಳಬೇಕಾದವು. ಒಳಗುಸಿರು, ಹೊರಗುಸಿರು ಎಂಬ ರೂಪಗಳನ್ನು ತಾವು ಬರಹದಲ್ಲಾಗಲಿ ಮಾತಿನಲ್ಲಾಗಲಿ ಕಂಡಿದ್ದೀರಾ? ಪಠ್ಯಪುಸ್ತಕದ ರೂಢಿಯನ್ನು ಗೌರವಿಸಿ ಉಚ್ಛ್ವಾಸ, ನಿಶ್ವಾಸಗಳನ್ನೇ ಉಳಿಸಿಕೊಳ್ಳುವುದಾದರೆ ನಿಃಶ್ವಾಸ ಎಂದು ವಿಸರ್ಗ ಸಹಿತ ಬರೆಯುವುದು ತಮಗೆ ಒಪ್ಪಿಗೆಯೇ? ವಪೆಯ ವಿಷಯದಲ್ಲಿ, ಬೇರೂರಿದ ಪದವನ್ನು ಕೀಳುವುದಕ್ಕಿಂತ ಮೊದಲ ಬಾರಿ ಬಂದಾಗ ‘ವಪೆಯೆಂಬ ಸ್ನಾಯು’ ಎಂದು ಬರೆದು ಮುಂದುವರಿಯೋಣವೆಂದುಕೊಂಡಿದ್ದೇನೆ. ಆಡುಮಾತಿನಲ್ಲಿ ಈ ಅಂಗಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ವಂದನೆಗಳು.